ಎಡಗಡೆಯ ಪುಣೆ

ಒಂದು ಊರಲ್ಲಿ ಮೂವತ್ತು ವರ್ಷ ಇದ್ದವರಿಗೆ ಆ ಊರು ತಮಗೆ ಗೊತ್ತಿದೆ ಎಂಬ ಜಂಬ ತಾನಾಗಿಯೇ ಬಂದುಬಿಡುತ್ತದೆ. ನನಗೂ ಬಂದಿತ್ತು. ವಿಜಯಪುರದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಕೋಥರೂಡಿನ ಯಾವ ಗಿರಣಿಯಲ್ಲಿ ಜೋಳ ನುಣ್ಣಗೆ ಬೀಸಿಕೊಡುತ್ತಾರೆ, ಯಾವ ಅಂಗಡಿಯಾತ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಾನೆ, ಎಲ್ಲ ಬಲ್ಲೆ ಎಂದುಕೊಂಡಿದ್ದೆ. ನನಗೆ ಗೊತ್ತಿರುವುದು ಪುಣೆಯ ಎಡಗಡೆ ಮಾತ್ರ ಎಂದು ತಿಳಿದದ್ದು ತೀರ ಈಚೆಗೆ.

ವಿಷಯ ಇಷ್ಟೇ. ಈ ಊರನ್ನು ನಾನು ನೋಡಿದ್ದು ನಮ್ಮ ಮನೆಯವರ ಸ್ಕೂಟರಿನ ಹಿಂದಿನ ಸೀಟಿನಿಂದ, ಸೀರೆ ಉಟ್ಟು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಅಡ್ಡಡ್ಡ ಕೂತು. ಹಾಗೆ ಕೂತವರಿಗೆ ಎಡಗಡೆ ಕಾಣುತ್ತದೆ. ಬಲಗಡೆ ಬೆನ್ನಿಗಿರುತ್ತದೆ. ಮುಂದೆ ಗಂಡನ ಅಂಗಿ ಇರುತ್ತದೆ. ವಾಪಸು ಬರುವಾಗ ಆಚೆಯ ಬದಿ ಕಾಣುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅವರು ಪುಣೆಯವರಲ್ಲ ಎಂದು ತಿಳಿಯಬೇಕು. ಇಲ್ಲಿ ಹೋದ ದಾರಿಯಲ್ಲೇ ತಿರುಗಿ ಬರಲು ಪೊಲೀಸರು ಬಿಡುವುದಿಲ್ಲ. ಅರ್ಧಕ್ಕರ್ಧ ರಸ್ತೆ ಒನ್ ವೇ.

ನಿವೃತ್ತಿಯಾದ ಮೇಲೆ ನಮ್ಮ ಮನೆಯವರಿಗೆ ತಾವೋ ಹಿಡಿಯಿತು, ಕೆಲವರಿಗೆ ಸಕ್ಕರೆ ಕಾಯಿಲೆ ಹಿಡಿಯುವ ಹಾಗೆ. ಚೀನಾ ದೇಶದ ಹಳೆಯ ಜ್ಞಾನಿಗಳ ವಿಚಾರವಂತೆ. ಎಲ್ಲೋ ಒಂದು ಪುಸ್ತಕ ಸಿಕ್ಕಿತು, ಓದಿದರು, ಓದಿದ್ದನ್ನು ನಾನು ಪಲ್ಯ ಹೆಚ್ಚುವಾಗ ಎದುರಿಗೆ ಕೂತು ಹೇಳಿದರು. “ತಾವೋ ಅಂದ್ರ ದಾರಿ” ಎಂದರು. “ಒನ್ ವೇ ಏನ್ರಿ?” ಎಂದೆ. ಅವರು ನಗಲಿಲ್ಲ. ತಾವೋದಲ್ಲಿ ನಗುವುದಕ್ಕೆ ಅಡ್ಡಿಯಿಲ್ಲವಂತೆ. ಆದರೆ ಹೆಂಡತಿಯ ಹಾಸ್ಯಕ್ಕೆ ನಗಲೇಬೇಕೆಂದೂ ಇಲ್ಲವಂತೆ. ಮನಸ್ಸು ಸಣ್ಣ ಮಗುವಿನ ಹಾಗಿರಬೇಕು, ಏನನ್ನೂ ಬಲವಂತದಿಂದ ಮಾಡಬಾರದು, ನೀರು ಹರಿದ ಹಾಗೆ ಆಗಬೇಕು ಎನ್ನುತ್ತಿದ್ದರು. ಈ ಬಲವಂತ ಮಾಡದಿರುವುದನ್ನು ಅವರು ಹೆಚ್ಚಾಗಿ ಸಾಧಿಸುತ್ತಿದ್ದುದು ಗ್ಯಾಸ್ ಸಿಲಿಂಡರ್ ಬದಲಿಸುವ ಹೊತ್ತಿಗೆ. ಮಗುವಿನ ಮನಸ್ಸೋ, ಅದು ಚಹಾ ತಣ್ಣಗಾದಾಗ ಚೆನ್ನಾಗಿ ಕಾಣುತ್ತಿತ್ತು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಪೇಟೆಯಿಂದ ವಾಪಸು ಬರುವಾಗ, ನಮ್ಮ ಮನೆಯಿರುವ ಸೊಸೈಟಿಗೆ ಸ್ವಲ್ಪ ಮೊದಲು, ಒಂದು ತಿರುವು ಸಿಗುತ್ತದೆ. ಅಲ್ಲಿ ಗಾಡಿ ನಿಧಾನ ಮಾಡಿ, “ನೋಡಲ್ಲೆ” ಎನ್ನುತ್ತಿದ್ದರು. ನಾನು ನೋಡುತ್ತಿದ್ದೆ. ನನ್ನೆದುರಿಗೆ ಒಂದು ಪೇಂಟಿನ ಅಂಗಡಿ. “ಏನ್ ನೋಡ್ಲಿ? ಅಂಗಡಿ ಮುಚ್ಯದ” ಎನ್ನುತ್ತಿದ್ದೆ. “ಹೌದು, ಮುಚ್ಯದ” ಎಂದು ಅವರು ಗಾಡಿ ಮುಂದೆ ಬಿಡುತ್ತಿದ್ದರು. ಕೆಲವು ಸಲ ಅಂಗಡಿ ತೆರೆದಿರುತ್ತಿತ್ತು. ಆಗ ಅದನ್ನೂ ಹೇಳುತ್ತಿದ್ದೆ. ಮನೆಗೆ ಬಣ್ಣ ಹೊಡೆಸುವ ಯೋಚನೆ ಇರಬೇಕು, ಬಾಯಿಬಿಟ್ಟು ಹೇಳುವುದಿಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡರು. ಆ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಮನೆ ತುಂಬ ಜನ ಬಂದರು, ಹೋದರು. ಆಮೇಲೆ ಒಂದು ದಿನ ಆಟೋದಲ್ಲಿ ಪೇಟೆಯಿಂದ ಬರುತ್ತಿರುವಾಗ ಅದೇ ತಿರುವು ಬಂತು. ಆಟೋದವನು ಭರ್ರನೆ ತಿರುಗಿಸಿದ. ಆಗ ಹೊಳೆಯಿತು: ಅವರಿಗೆ ಅಂಗಡಿ ಕಾಣುತ್ತಲೇ ಇರಲಿಲ್ಲ. ಅವರು ಮುಂದೆ ನೋಡುತ್ತಿದ್ದರು. ಹಾಗಾದರೆ ಇಷ್ಟು ವರ್ಷ ನನಗೆ ತೋರಿಸುತ್ತಿದ್ದುದು ಏನು? ಬಗ್ಗಿ ನೋಡಿದೆ. ಆಟೋದವನ ಬೆನ್ನು ಕಂಡಿತು. ನನ್ನ ಹಣೆಬರಹದಲ್ಲಿ ಬೆನ್ನುಗಳೇ ಇವೆ.

ಅದೇ ವಾರ ನನ್ನ ಮೈದುನ ಪ್ರಕಾಶ, ಅವನ ಹೆಂಡತಿ ಶೈಲಾ ಊರಿನ ಆಚೆ ತುದಿಯ ಖಡಕಿಯಿಂದ ಬಂದರು. ಓಡಿಸದೆ ನಿಲ್ಲಿಸಿದ ಗಾಡಿಗಳನ್ನು ಪಾರ್ಕಿಂಗಿನಿಂದ ತೆಗೆಯಬೇಕೆಂದು ಸೊಸೈಟಿಯವರು ನೋಟೀಸು ಹಚ್ಚಿದ್ದರು. “ವೈನಿ, ಅಣ್ಣನ ಗಾಡಿ ಸುಮ್ಮನ ನಿಂತು ಹಾಳಾಗ್ಲಿಕತ್ತದ. ಕೊಟ್ಟುಬಿಡೋಣು. ಗಿರಾಕಿ ನಾ ನೋಡ್ತೀನಿ” ಎಂದ ಪ್ರಕಾಶ.

“ಬ್ಯಾಡ. ನಾ ಓಡಸ್ತೀನಿ” ಎಂದೆ. ಈ ಮಾತು ನನ್ನದೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ಪ್ರಕಾಶ ಚಹಾದ ಬಟ್ಟಲು ಕೆಳಗಿಟ್ಟ. “ನೀವು? ಸೈಕಲ್ ಬರ್ತದೇನ್ರಿ ನಿಮಗ?”

“ಇಲ್ಲ.”

“ಮತ್ತ?”

“ಮತ್ತೇನು ಮತ್ತ?” ಎಂದಳು ಶೈಲಾ. ಅವಳು ಖಡಕಿಯಲ್ಲಿ ಮೋರೆಗೆ ಓಢಣಿ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟು, ಮಿಲಿಟರಿ ಲಾರಿಗಳ ನಡುವೆ ಗಾಡಿ ನುಗ್ಗಿಸುವವಳು. “ನಾ ಕಲಸ್ತೀನಿ ತಗೋರಿ ಅಕ್ಕಾ. ಇವರಿಗೆ ಮಾತ್ರ ಹೇಳಬ್ಯಾಡ್ರಿ ಎಲ್ಲೆ ಬಿದ್ದೀರಂತ.” ದೀಪಾವಳಿಯೊಳಗೆ ನನಗೆ ಓಡಿಸಲು ಬಂದರೆ ಗಾಡಿ ನನ್ನದು, ಇಲ್ಲವಾದರೆ ಗಿರಾಕಿಯದು ಎಂದು ತೀರ್ಮಾನವಾಯಿತು.

ಶೈಲಾ ತನ್ನ ಹಳೆಯದೊಂದು ಪಂಜಾಬಿ ಡ್ರೆಸ್ ನನಗೆ ತೊಡಿಸಿ, ಇಲ್ಲಿನವರು ಟೇಕಡಿ ಎನ್ನುವ ಗುಡ್ಡದ ಬುಡದ ಖಾಲಿ ರಸ್ತೆಗೆ ಕರೆದುಕೊಂಡು ಹೋದಳು. ಅವರ ಹೆಲ್ಮೆಟ್ ಹಾಕಿಕೊಂಡೆ. ದೊಡ್ಡದಾಯಿತು. ಒಳಗೆ ಇನ್ನೂ ಅವರ ತಲೆ ಎಣ್ಣೆಯ ವಾಸನೆಯಿತ್ತು. “ಯಾಕ್ ನಿಂತ್ರಿ ಅಕ್ಕಾ?” ಎಂದಳು ಶೈಲಾ. “ಬಕಲ್ ಹತ್ತವಲ್ದು” ಎಂದೆ.

ಕಲಿಯುವುದು ಕಷ್ಟವಲ್ಲ, ನನ್ನಲ್ಲಿ ಮೊದಲೇ ಇದ್ದ ವಿದ್ಯೆ ಕಷ್ಟ. ಮೂವತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತು ಅವರಿಗೆ ಡ್ರೈವಿಂಗ್ ಹೇಳಿಕೊಟ್ಟವಳು ನಾನು. ಬಸ್ ಬಂತು, ಬ್ರೇಕ್ ಹಿಡೀರಿ, ಅವನಿಗೆ ಹೋಗಗೊಡ್ರಿ ಎಂದು ಬಾಯಿ ತಾನಾಗಿ ಹೇಳುತ್ತಿತ್ತು. ಈಗಲೂ ಹೇಳಿತು, ಆದರೆ ಕೇಳಿಸಿಕೊಂಡು ಬ್ರೇಕ್ ಹಿಡಿಯುವವರು ಯಾರೂ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕುತ್ತಿಗೆಯದು. ಗಾಡಿ ಹೊರಟ ಕೂಡಲೇ ಅದು ರೂಢಿಯಂತೆ ಎಡಕ್ಕೆ ಹೊರಳುತ್ತಿತ್ತು. ಸ್ಕೂಟರು ಬಹಳ ವಿಧೇಯ ಪ್ರಾಣಿ, ನಾವು ಎತ್ತ ನೋಡುತ್ತೇವೋ ಅತ್ತ ಹೋಗುತ್ತದೆ. ಎಡಗಡೆ ಒಂದು ಬೇಲಿಯಿತ್ತು. ದಿನಾ ನಾವು ಬೇಲಿಗೆ ಹೋಗುತ್ತಿದ್ದೆವು.

“ಮುಂದ ನೋಡ್ರಿ ಅಕ್ಕಾ, ಮುಂದ! ಬೇಲ್ಯಾಗ ಏನಿಟ್ಟೀರಿ?” ಶೈಲಾ ಹಿಂದಿನಿಂದ ಓಡಿಬರುತ್ತ ಕೂಗುತ್ತಿದ್ದಳು. “ಹ್ಯಾಂಡಲ್ ಕುತ್ತಿಗಿ ಹಿಚುಕಬ್ಯಾಡ್ರಿ! ಅದೇನು ಓಡಿಹೋಗ್ತದೇನು? ಭಾವಾರ ಹಂಗ ಹಗುರ ಹಿಡೀರಿ!”

ಭಾವನವರು ಹೇಗೆ ಹಿಡಿಯುತ್ತಿದ್ದರು ಎಂದು ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ! ಅಂಗಿಯ ಬೆನ್ನಿನ ಹೊಲಿಗೆ ಕೇಳಿದರೆ ಹೇಳಿಯೇನು. ಬೇಲಿಯ ಬುಡದಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿರುವಾಗ ಅವರ ಚೀನಾ ಪುರಾಣ ನೆನಪಾಯಿತು. ತಿಳಿದದ್ದನ್ನು ಕಳಚುತ್ತ ಹೋಗಬೇಕು, ಮಗುವಾಗಬೇಕು ಎನ್ನುತ್ತಿದ್ದರು. ಆ ಜ್ಞಾನಿಗಳು ಐವತ್ತೆಂಟನೆಯ ವಯಸ್ಸಿನಲ್ಲಿ ಗಾಡಿ ಕಲಿತಿರಲಾರರು, ಆದರೂ ಮಾತು ಸುಳ್ಳಲ್ಲ ಅನಿಸಿತು. ಮರುದಿನ ಶೈಲಾಗೆ, “ನನಗ ಏನೂ ಬರಂಗಿಲ್ಲ ಅಂತ ತಿಳಕೊಂಡು ಹೇಳು” ಎಂದೆ. “ಅದನ್ನ ನಾ ಮೊದಲ ದಿನಾನೇ ತಿಳಕೊಂಡೀನ್ರಿ” ಎಂದಳು.

ಲೈಸನ್ಸಿನ ಪರೀಕ್ಷೆಗೆ ರಸ್ತೆಯ ಫಲಕಗಳನ್ನೆಲ್ಲ ಓದಬೇಕಿತ್ತು. ಎಲ್ಲವೂ ನನಗೆ ಹೊಸವು. ಅವನ್ನು ಮುಂದೆ ನೋಡುವವರಿಗಾಗಿ ಹಾಕಿರುತ್ತಾರೆ. ಪಾಸಾದೆ. ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಪೇಟೆಗೆ ಹೋಗಿ ಮೆಂತ್ಯೆ ಸೊಪ್ಪು ತಗೊಂಡು ಆ ತಿರುವಿಗೆ ಬಂದೆ. ಗಾಡಿ ನಿಧಾನ ಮಾಡಿ ಮುಂದೆ ನೋಡಿದೆ.

ರಸ್ತೆ ಅಲ್ಲಿ ಇಳಿಜಾರು. ಕೊನೆಗೆ ಟೇಕಡಿ, ಅದರ ಮೇಲೆ ಇರುವೆಗಳ ಹಾಗೆ ವಾಕಿಂಗ್ ಮಾಡುವ ಜನ. ಈಚೆ ಒಂದು ತಾರಸಿಯಲ್ಲಿ ಹಪ್ಪಳ ಒಣಗಿಸುವ ಹೆಂಗಸು. ಎರಡು ಕಟ್ಟಡಗಳ ನಡುವೆ ಒಂದು ದೊಡ್ಡ ಮೋಡ. ಮೊಬೈಲ್ ಟವರು. ಇವುಗಳಲ್ಲಿ ಯಾವುದು? ಟೇಕಡಿಯೇ ಇರಬೇಕು ಎಂದುಕೊಂಡೆ. ಆದರೆ ಅವರಿಗೆ ಹಪ್ಪಳವೆಂದರೂ ಬಹಳ ಇಷ್ಟವಿತ್ತು. ಕೇಳೋಣವೆಂದರೆ ಮುಂದೆ ಬೆನ್ನಿಲ್ಲ. “ಕಾಕೂ, ಚಲಾ ನಾ!” ಎಂದು ಹಿಂದಿನವನು ಹಾರ್ನ್ ಹೊಡೆದ. ಹೊರಟೆ. ಮರುದಿನ ಸೊಪ್ಪು ಬೇಕಿರಲಿಲ್ಲ, ಆದರೂ ಹೋದೆ. ಅಂದು ಮೋಡವಿರಲಿಲ್ಲ, ಹಪ್ಪಳದ ಹೆಂಗಸೂ ಇರಲಿಲ್ಲ. ಒಂದು ಗಾಳಿಪಟ ತಂತಿಗೆ ಸಿಕ್ಕು ಬಡಿದಾಡುತ್ತಿತ್ತು. ಒಮ್ಮೆ ಟೇಕಡಿಯ ಆಚೆಯಿಂದ ಮಳೆ ಇಳಿದು ಬರುವುದು ಕಂಡಿತು. ಮನೆಯಲ್ಲಿ ಮೆಂತ್ಯೆ ಸೊಪ್ಪು ರಾಶಿಯಾಯಿತು.

ಗಾಡಿ ನನ್ನಲ್ಲೇ ಉಳಿಯಿತು. ದೀಪಾವಳಿಯಾದ ಮೇಲೆ ಶೈಲಾ ರೇಷ್ಮೆ ಸೀರೆ ಉಟ್ಟು ಬಂದಳು. ಪೇಟೆಯಲ್ಲಿ ಒಂದು ಮದುವೆಗೆ ಇಬ್ಬರೂ ಹೋಗುವುದಿತ್ತು. ಸೀರೆಯಲ್ಲಿ ತನಗೆ ಓಡಿಸಲಾಗದೆಂದು ಹಿಂದೆ ಅಡ್ಡಡ್ಡ ಕೂತಳು. ದಾರಿಯುದ್ದಕ್ಕೂ ನನಗೆ ಡ್ರೈವಿಂಗ್ ಹೇಳಿಕೊಟ್ಟಳು. ವಾಪಸು ಬರುವಾಗ ತಿರುವು ಬಂತು. ಬಿಸಿಲು ಇಳಿಯುತ್ತಿತ್ತು, ಟೇಕಡಿಯ ಒಂದು ಮಗ್ಗುಲು ಪೂರಾ ಕೆಂಪಗಾಗಿತ್ತು. ನನಗರಿವಿಲ್ಲದೆ ಗಾಡಿ ನಿಧಾನ ಮಾಡಿದೆ.

“ನೋಡಲ್ಲೆ ಶೈಲಾ” ಎಂದೆ.

“ಏನ್ ನೋಡ್ಲಿ ಅಕ್ಕಾ?” ಎಂದಳು ಅವಳು. “ಪೇಂಟಿನ ಅಂಗಡಿ. ಮುಚ್ಯದ.”

ವಿವರಿಸಬೇಕೆಂದು ಬಾಯಿ ತೆರೆದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು.

“ಹೌದು” ಎಂದೆ, “ಮುಚ್ಯದ.”