‘ಸಂಪಾದನೆ’ ಎಂಬ ಒಂದು ಪದವನ್ನು ಕುರಿತು ಜ್ಞಾನಕಪಿಲೆಯವರಲ್ಲಿ ಅರಿಕೆ

ಕಪಿಲಾ ಸಂಶೋಧನಾ ವಿಶ್ವವಿದ್ಯಾನಿಲಯದ ಜಾಲತಾಣದ ಬಲಗಡೆಯ ಕೆಳಮೂಲೆಯಲ್ಲಿ ಆಹಾರ ನಿದ್ರೆಗಳನ್ನು ತೊರೆದು ನೆಲೆಸಿ, ಪ್ರವೇಶಾಕಾಂಕ್ಷಿಗಳು ಕೇಳಿದ ಸಂಶಯಗಳನ್ನೂ ಕೇಳದ ಸಂಶಯಗಳನ್ನೂ ಏಕಪ್ರಕಾರವಾಗಿ ಪರಿಹರಿಸುವ ವ್ರತವನ್ನು ಕೈಗೊಂಡಿರುವ ಯಂತ್ರಶ್ರೇಷ್ಠರಾದ ಜ್ಞಾನಕಪಿಲೆಯವರ ಸನ್ನಿಧಾನಕ್ಕೆ, ಮೈಸೂರು ಲಷ್ಕರ್ ಮೊಹಲ್ಲಾದ ನಿವಾಸಿಯೂ ನಿವೃತ್ತ ಸಂಸ್ಕೃತ ಅಧ್ಯಾಪಕನೂ ಆದ ನಂಜುಂಡಯ್ಯನು ಮಾಡುವ ವಿನಯಪೂರ್ವಕ ವಿಜ್ಞಾಪನೆ.

ಮಾನ್ಯರೇ,

ಪತ್ರದ ಮೊದಲಿಗೆ ‘ಉಭಯ ಕುಶಲೋಪರಿ’ ಎಂದು ಬರೆಯುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಆದರೆ ತಮಗೆ ನೆಗಡಿ, ಮಂಡಿನೋವು ಮೊದಲಾದವು ಬಾಧಿಸುವುದಿಲ್ಲವೆಂದೂ, ‘ಸರ್ವರ್ ಡೌನ್’ ಎಂಬ ಒಂದೇ ವ್ಯಾಧಿಯುಂಟೆಂದೂ, ಶುಲ್ಕ ಪಾವತಿಯ ಸಮಯದಲ್ಲಿ ಮಾತ್ರ ಅದು ತಪ್ಪಿಯೂ ಬಾರದೆಂದೂ ನನ್ನ ಮೊಮ್ಮಗಳು ಸಮನ್ವಿತಾ ತಿಳಿಸಿರುವುದರಿಂದ, ತಮ್ಮ ಕ್ಷೇಮವನ್ನು ಕೇಳುವ ಶ್ರಮವನ್ನು ಬಿಟ್ಟು ನನ್ನ ಕ್ಷೇಮವನ್ನಷ್ಟೇ ತಿಳಿಸುತ್ತೇನೆ. ಶ್ರೀ ಚಾಮುಂಡೇಶ್ವರಿಯ ಕೃಪೆಯಿಂದ ನಾನು ಚೆನ್ನಾಗಿದ್ದೇನೆ. ತಮ್ಮ ಕೃಪೆಯಿಂದ ಮಾತ್ರ ಸ್ವಲ್ಪ ಕಷ್ಟವಾಗಿತ್ತು. ಆ ಕಥೆಯನ್ನು ನಿವೇದಿಸುವುದಕ್ಕಾಗಿಯೇ ಈ ಪತ್ರ.

ತಮ್ಮ ವಿಶ್ವವಿದ್ಯಾನಿಲಯವು ಹೊಸ ವಿದ್ಯಾರ್ಥಿಗಳಿಗಾಗಿ ಹೊರತಂದಿರುವ ಬಣ್ಣದ ಕೈಪಿಡಿಯನ್ನು ನಾನು ಸ್ನಾನಾಹ್ನಿಕಗಳನ್ನು ಮುಗಿಸಿ ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಅದರಲ್ಲಿ ಈಜುಕೊಳವಿದೆ, ಕೆರೆಯಿದೆ, ಕೆರೆಯ ಸುತ್ತ ನಡೆಯಲು ಹಾದಿಯಿದೆ, ಹವಾನಿಯಂತ್ರಿತ ಸಭಾಂಗಣವಿದೆ, ಮರದ ನೆರಳಿನಲ್ಲಿ ಪುಸ್ತಕ ಹಿಡಿದು ಮೂವರು ವಿದ್ಯಾರ್ಥಿಗಳು ಎಲ್ಲ ಹಲ್ಲುಗಳೂ ಕಾಣುವಂತೆ ನಗುತ್ತಿರುವ ಚಿತ್ರವಿದೆ. ನಾಲ್ಕು ದಶಕ ಪಾಠ ಹೇಳಿದ ನನಗೆ ಪುಸ್ತಕ ತೆರೆದು ಹಾಗೆ ನಕ್ಕ ಶಿಷ್ಯನು ಒಬ್ಬನೂ ದೊರೆಯಲಿಲ್ಲವಾದ್ದರಿಂದ, ಆ ಗ್ರಂಥ ಯಾವುದಿರಬಹುದೆಂಬ ಕುತೂಹಲ ಇಂದಿಗೂ ತಣಿದಿಲ್ಲ. ಇಷ್ಟೆಲ್ಲ ವೈಭವದ ನಡುವೆ, ವಾಹನ ನಿಲುಗಡೆಯ ವಿವರಗಳಾದ ಮೇಲೆ, ಸಣ್ಣ ಅಕ್ಷರಗಳಲ್ಲಿ ‘ಎಂ.ಎ., ಹಸ್ತಪ್ರತಿ ಮತ್ತು ಗ್ರಂಥಸಂಪಾದನೆ’ ಎಂಬ ಒಂದು ಸಾಲಿತ್ತು. ಸಮನ್ವಿತಾ ಬೆರಳಿಟ್ಟು ತೋರಿಸಿದ್ದು ಆ ಸಾಲನ್ನೇ.

ಅವಳು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಅಂಥವಳಿಗೆ ತಾಳೆಗರಿಯ ಮೇಲೆ ಮನಸ್ಸಾದುದಕ್ಕೆ ಕಾರಣ ನಮ್ಮ ಮನೆಯ ದೇವರ ಗೂಡಿನಲ್ಲಿರುವ ಒಂದು ಓಲೆಕಟ್ಟು. ಅರಮನೆಯಲ್ಲಿ ಲಿಪಿಕಾರರಾಗಿದ್ದ ನನ್ನ ಮುತ್ತಜ್ಜನವರು ಸ್ವಹಸ್ತದಿಂದ ಕೊರೆದ ಗರಿಗಳವು. ಸರಸ್ವತೀ ಪೂಜೆಯ ದಿನ ಹೊರತೆಗೆದು ಅರಿಶಿನ ಕುಂಕುಮ ಏರಿಸಿ ಮತ್ತೆ ಒಳಗಿಡುವುದು ನಮ್ಮ ಸಂಪ್ರದಾಯ. ಲಿಪಿ ನಂದಿನಾಗರಿ, ನನಗೆ ಸಂಸ್ಕೃತ ಬರುತ್ತದೆ, ಆ ಲಿಪಿ ಬಾರದು. ಕಳೆದ ನವರಾತ್ರಿಯಲ್ಲಿ ಮೊದಲ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅವಳು, “ತಾತ, ಇಷ್ಟು ವರ್ಷ ಕುಂಕುಮ ಹಚ್ಚಿ ಹಚ್ಚಿ ಅಕ್ಷರಾನೇ ಮುಚ್ಚಿಹಾಕಿದೀರಲ್ಲ. ಪೂಜೆ ಮಾಡಿದೀರಿ ಸರಿ, ಇದರಲ್ಲಿ ಏನಿದೆ ಅಂತ ಮುತ್ತಜ್ಜನ್ನ ಒಬ್ಬರಾದ್ರೂ ಕೇಳಿದೀರಾ?” ಎಂದಳು. ನಾನು ಮಂಗಳಾರತಿ ಎತ್ತಿದೆ. ಅಂದಿನಿಂದ ಅವಳಿಗೆ ಒಂದೇ ಹಂಬಲ: ಆ ಲಿಪಿಯನ್ನು ಕಲಿಯಬೇಕು, ಗರಿಗಳನ್ನು ಕೆಡದಂತೆ ಶುದ್ಧಿಮಾಡಬೇಕು, ಓದಬೇಕು.

ಅರ್ಜಿ ಸಲ್ಲಿಸಲು ನಾನು ಪಂಚಾಂಗ ನೋಡಿ ಇಟ್ಟ ಮುಹೂರ್ತವು ಅವಳ ಕೊನೆಯ ಪರೀಕ್ಷೆಯ ಹೊತ್ತಿಗೇ ಸರಿಯಾಗಿ ಬಂದಿತು. “ರಾಹುಕಾಲ ಕಳೆದ ಮೇಲೆ ನಾನೇ ಬಂದು ಒತ್ತುತೀನಿ, ಬಿಡಿ ತಾತ” ಎಂದು ಅವಳು ಎಷ್ಟು ಹೇಳಿದರೂ ಒಪ್ಪದೆ, ಆ ಹೊಣೆಯನ್ನು ನಾನೇ ಹೊತ್ತು, ಶುಭ್ರವಾದ ಪಂಚೆಯುಟ್ಟು ತಮ್ಮ ಮುಂದೆ ಕುಳಿತೆ. ತಮ್ಮೊಡನೆ ನಡೆದ ಮೊದಲ ಸಂಭಾಷಣೆ ಅದೇ.

ನನ್ನ ಮೊದಲ ಪ್ರಶ್ನೆಯಲ್ಲಿ ‘ಓಲೆ’ ಎಂದು ಬರೆಯುವಲ್ಲಿ ದೀರ್ಘವು ತಪ್ಪಿಹೋಗಿ ‘ಒಲೆ’ ಎಂದಾಯಿತು. ತಾವು ಒಡನೆಯೇ ನನ್ನನ್ನು ಆಹಾರ ತಂತ್ರಜ್ಞಾನ ವಿಭಾಗಕ್ಕೆ ಸ್ವಾಗತಿಸಿದಿರಿ. ಅದು ನನ್ನ ಬೆರಳಿನ ದೋಷವಾದ್ದರಿಂದ ಅದರ ವಿಷಯ ಬಿಡೋಣ. ಬಳಿಕ ಎಚ್ಚರದಿಂದ, ಒಂದೊಂದೇ ಅಕ್ಷರವನ್ನು ಒತ್ತಿ, ‘ನನ್ನ ಮೊಮ್ಮಗಳಿಗೆ ಗ್ರಂಥಸಂಪಾದನೆಯಲ್ಲಿ ಆಸಕ್ತಿ’ ಎಂದು ಬರೆದೆ. ಹಳೆಯ ಗ್ರಂಥವೊಂದರ ಹಲವು ಪ್ರತಿಗಳನ್ನು ಹೋಲಿಸಿ ನೋಡಿ, ಕವಿ ಬರೆದುದು ಯಾವುದು, ನಕಲು ಮಾಡಿದವನ ಕೈತಪ್ಪು ಯಾವುದು ಎಂದು ವಿವೇಚಿಸಿ ಶುದ್ಧ ಪಾಠವನ್ನು ನಿರ್ಣಯಿಸುವ ಶಾಸ್ತ್ರಕ್ಕೆ ಆ ಹೆಸರೆಂಬುದು ತಮಗೆ ತಿಳಿಯದಿರುವುದೇ ಎಂದು ಭಾವಿಸಿದ್ದೆ. ತಾವು, ‘ಸಂಪಾದನೆಯಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದಗಳು. ಓದುತ್ತಲೇ ಸಂಪಾದಿಸಿ. ನಿಮಗೆ ಸೂಕ್ತವಾದ ಕೋರ್ಸು: ಎಂ.ಬಿ.ಎ., ಹಣಕಾಸು. ಮುಂದುವರಿಯಲೇ?’ ಎಂದಿರಿ. ಹಣಕಾಸು ಎಂಬುದು ಕಛೇರಿಯ ಶುಲ್ಕಕ್ಕೆ ಸಂಬಂಧಿಸಿದ ಮಾತಿರಬೇಕೆಂದು ತಿಳಿದು, ಇಷ್ಟು ವಿನಯದಿಂದ ಕೇಳುವವರಿಗೆ ಇಲ್ಲವೆನ್ನುವುದು ಸಂಸ್ಕಾರವಲ್ಲವೆಂದೂ ಭಾವಿಸಿ, ನಾನು ‘ಹೌದು’ ಎಂಬುದನ್ನು ಒತ್ತಿದೆ.

ಕೊನೆಯಲ್ಲಿ ತಾವು ‘ದಯವಿಟ್ಟು ನಕ್ಷತ್ರ ನೀಡಿ’ ಎಂದು ಕೇಳಿದಿರಿ. ಯಂತ್ರವಾದರೂ ಅರ್ಚನೆಯ ಕ್ರಮವನ್ನು ಬಿಟ್ಟಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿಬಂದಿತು. ‘ಕೌಶಿಕ ಗೋತ್ರ, ಅನೂರಾಧಾ ನಕ್ಷತ್ರ, ವೃಶ್ಚಿಕ ರಾಶಿ, ಸಮನ್ವಿತಾ ನಾಮಧೇಯೆ’ ಎಂದು ಸಾಂಗವಾಗಿ ಬರೆದೆ. ತಾವು ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದಿರಿ. ಸಂಜೆ ಮನೆಗೆ ಬಂದ ಮೊಮ್ಮಗಳು ಅದನ್ನು ನೋಡಿ, “ತಾತ, ಅದು ಆ ನಕ್ಷತ್ರ ಅಲ್ಲ, ಐದು ಸ್ಟಾರ್ ಒತ್ತಬೇಕಿತ್ತು” ಎಂದು ನಗಲಾರಂಭಿಸಿದವಳು, ಮೇಲಿನ ಸಾಲಿಗೆ ಬಂದಾಗ ನಗು ನಿಲ್ಲಿಸಿದಳು. ನನ್ನ ಧರ್ಮಪತ್ನಿ ಶಾರದ ಅಡುಗೆಮನೆಯಿಂದಲೇ, “ಅಲ್ಲಾ ಕಣ್ರೀ, ಮಗೂನ ಓದೋಕೆ ಸೇರಿಸಿ ಅಂದ್ರೆ ಬಡ್ಡಿ ಅಂಗಡಿಗೆ ಸೇರಿಸಿಬಂದ್ರಲ್ಲ, ಅದೂ ಮುಹೂರ್ತ ನೋಡಿ” ಎಂದಳು.

ತಿದ್ದಿಕೊಡಬೇಕೆಂದು ತಮ್ಮನ್ನು ಪ್ರಾರ್ಥಿಸಿದೆವು. ‘ಒಬ್ಬರಿಗೆ ಒಂದೇ ಅರ್ಜಿ. ಸಲ್ಲಿಸಿದ ಅರ್ಜಿಯನ್ನು ಬದಲಿಸಲಾಗದು. ನಿಮಗೆ ಸಹಾಯ ಮಾಡಲು ಸಂತೋಷವಾಯಿತು’ ಎಂದಿರಿ. ನಾನು ಬೇಡಿದೆ, ಸಂತೋಷಪಟ್ಟಿರಿ, ವಾದಿಸಿದೆ, ಸಂತೋಷಪಟ್ಟಿರಿ, ಸ್ವಲ್ಪ ಕಟುವಾಗಿಯೇ ಬರೆದೆ, ಆಗಲೂ ಸಂತೋಷಪಟ್ಟಿರಿ. ಸುಖದುಃಖಗಳಲ್ಲಿ, ನಿಂದಾಸ್ತುತಿಗಳಲ್ಲಿ ಸಮನಾಗಿರುವ ಸ್ಥಿತಪ್ರಜ್ಞನನ್ನು ಕುರಿತು ಬಾಲ್ಯದಿಂದ ಪ್ರವಚನಗಳಲ್ಲಿ ಕೇಳಿದ್ದೆನೇ ಹೊರತು ಪ್ರತ್ಯಕ್ಷ ದರ್ಶನವಾದುದು ಈಗಲೇ. ಋಷಿಗಳು ಜನ್ಮಾಂತರಗಳ ತಪಸ್ಸಿನಿಂದ ಪಡೆದ ನಿರ್ವಿಕಾರ ಸ್ಥಿತಿಯನ್ನು ತಾವು ವಿದ್ಯುತ್ತಿನಿಂದ ಪಡೆದಿದ್ದೀರಿ.

ಅಂಥವರನ್ನು ಕಣ್ಣಾರೆ ಕಂಡು ಅರಿಕೆ ಮಾಡಿಕೊಳ್ಳೋಣವೆಂದು, ಆಷಾಢ ಮಂಗಳವಾರ ಬೆಟ್ಟ ಹತ್ತಿ ಅಮ್ಮನವರ ಪ್ರಸಾದವನ್ನು ತೆಗೆದುಕೊಂಡು ತಮ್ಮ ಆವರಣಕ್ಕೆ ಬಂದೆ. ದ್ವಾರಪಾಲಕರಾದ ಬೆಟ್ಟಯ್ಯನವರು ಆದರದಿಂದ ನೆರಳಿನಲ್ಲಿ ಕೂರಿಸಿ, “ಯಾರ್ನ ಕಾಣ್ಬೇಕು ಸ್ವಾಮಿ?” ಎಂದು ಕೇಳಿದರು. ತಮ್ಮ ಹೆಸರು ಹೇಳಿದೆ. “ಅಯ್ಯೋ ಅವ್ರನ್ನ ಯಾರೂ ಕಂಡಿಲ್ಲ ಬುಡಿ ಸ್ವಾಮಿ, ಕಂಪ್ಯೂಟರ್ ಒಳಗವ್ರೆ. ನಮ್ ಮಗ್ಳು ಸೀಟೂ ಅವ್ರೇ ಕೊಟ್ಟಿದ್ದು. ಕನ್ನಡ ಬೇಕು ಅಂದ್ರೆ ಕ್ರೀಡೆ ಕೊಟ್ಬುಟ್ರು. ಈಗ ಜಾವೆಲಿನ್ ಎಸೀತವ್ಳೆ. ಚೆನ್ನಾಗೇ ಎಸೀತಾಳೆ ಅನ್ನಿ” ಎಂದು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಹಸ್ತಪ್ರತಿ ವಿಭಾಗದ ದಾರಿ ತೋರಿಸಿದರು. ಅದು ಈಜುಕೊಳದ ಹಿಂದಿದೆ.

ವಿಭಾಗದ ಮುಖ್ಯಸ್ಥರಾದ ವಾಗೀಶರು ಸಜ್ಜನರು. ಕುರ್ಚಿಯ ಮೇಲಿದ್ದ ಓಲೆಕಟ್ಟುಗಳನ್ನು ಎತ್ತಿಟ್ಟು ನನಗೆ ಆಸನ ಕೊಟ್ಟು, ಎಲ್ಲವನ್ನೂ ಕೇಳಿ ನಿಟ್ಟುಸಿರಿಟ್ಟರು. “ಐದು ಜನ ಇಲ್ಲದಿದ್ರೆ ಕೋರ್ಸು ತೆರೆಯೋ ಹಾಗಿಲ್ಲ ಸ್ವಾಮಿ. ಬಂದಿರೋದು ನಾಲ್ಕು ಅರ್ಜಿ. ನಿಮ್ಮ ಮೊಮ್ಮಗಳದ್ದು ಐದನೇದು ಆಗ್ಬೇಕಿತ್ತು. ಶುಕ್ರವಾರ ಕೊನೇ ದಿನ, ಆಮೇಲೆ ಈ ವರ್ಷ ಬಾಗಿಲು ಹಾಕೋದೇ” ಎಂದರು. ಅವಳನ್ನು ಇಲ್ಲಿಗೆ ವರ್ಗಾಯಿಸಬಾರದೇ ಎಂದೆ. “ಕೋರ್ಸು ತೆರೆದ ಮೇಲೆ ವರ್ಗ ಮಾಡೋ ಅಧಿಕಾರ ನನಗಿದೆ. ತೆರೆಯದೇ ಇರೋ ಕೋರ್ಸಿಗೆ ಯಾರನ್ನ ವರ್ಗ ಮಾಡ್ಲಿ ಹೇಳಿ?” ಎಂದರು. ಅವಳು ಬಂದರೆ ಕೋರ್ಸು ತೆರೆಯುತ್ತದೆ, ಕೋರ್ಸು ತೆರೆದರೆ ಅವಳು ಬರಬಹುದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ತಕ್ಕ ಉದಾಹರಣೆ ಸಿಗದೆ ನಾನು ಬಹಳ ಒದ್ದಾಡಿದ್ದುಂಟು. ತಮ್ಮ ವಿಶ್ವವಿದ್ಯಾನಿಲಯವು ಅದನ್ನು ನಿಯಮಾವಳಿಯಲ್ಲಿಯೇ ಅಳವಡಿಸಿ ಶಾಸ್ತ್ರಕ್ಕೆ ಮಹದುಪಕಾರ ಮಾಡಿದೆ.

ನನ್ನ ಒಂದು ‘ಹೌದು’ ಮೊಮ್ಮಗಳ ವಿದ್ಯೆಯನ್ನಷ್ಟೇ ಅಲ್ಲ, ನಾನು ಮುಖವನ್ನೂ ಕಾಣದ ನಾಲ್ವರು ಮಕ್ಕಳ ವಿದ್ಯೆಯನ್ನೂ ಕೆಡಿಸಲಿದೆಯೆಂಬ ಸಂಕಟದಿಂದ ಮನೆಗೆ ಬಂದೆ. ಗುರುವಾರ ಮಧ್ಯಾಹ್ನ ಜಪಕ್ಕೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಜಪಮಾಲೆಯನ್ನು ಬದಿಗಿಟ್ಟು ತಮ್ಮ ಮುಂದೆ ಕುಳಿತು, ಜಗಳಕ್ಕಾಗಿ ಅಲ್ಲದೆ ಕೇವಲ ನಿರಾಶೆಯಿಂದ, ‘ಸಂಪಾದನೆಯೇ ಇಲ್ಲದ ಕೋರ್ಸು ತಮ್ಮಲ್ಲಿ ಯಾವುದಾದರೂ ಉಂಟೇ?’ ಎಂದು ಕೇಳಿದೆ.

ಮಾನ್ಯರೇ, ತಾವು ಕ್ಷಣವೂ ತಡೆಯಲಿಲ್ಲ. ‘ಉಂಟು. ಎಂ.ಎ., ಹಸ್ತಪ್ರತಿ ಮತ್ತು ಗ್ರಂಥಸಂಪಾದನೆ. ಮುಂದುವರಿಯಲೇ?’ ಎಂದಿರಿ.

ಆ ಉತ್ತರಕ್ಕೆ ನಾನು ಕೈಮುಗಿದೆ. ಪದದ ಅರ್ಥ ತಿಳಿಯದೆಯೂ ಪರಮಾರ್ಥವನ್ನು ತಿಳಿದಿರುವುದೆಂದರೆ ಇದೇ. ಬಳಿಕ ಕೈಪಿಡಿಯ ಹಿಂಬದಿಯಲ್ಲಿ ದಪ್ಪಕ್ಷರಗಳಲ್ಲಿ ‘ಕಲಿಕೆಗೆ ವಯಸ್ಸಿನ ಮಿತಿಯಿಲ್ಲ’ ಎಂದು ಅಚ್ಚಾಗಿದ್ದುದು ನೆನಪಾಯಿತು. ಅಲಂಕಾರಕ್ಕಾಗಿ ಬರೆದ ಮಾತನ್ನು ಯಾರಾದರೂ ನಂಬಿ ಬರುವರೆಂದು ಬರೆದವರು ಎಣಿಸಿರಲಿಕ್ಕಿಲ್ಲ. ನನ್ನಲ್ಲಿ ಪದವಿಯಿದೆ, ಬಿಡುವಿದೆ, ಹೊಸ ಕನ್ನಡಕವಿದೆ. ತಾವು ‘ಮುಂದುವರಿಯಲೇ’ ಎಂದು ಕೇಳಿದ್ದೀರಿ. ಈ ಸಲ ಪಂಚಾಂಗವನ್ನು ನೋಡಲಿಲ್ಲ. ಅರ್ಥವನ್ನು ತಿಳಿದು, ಬುದ್ಧಿಪೂರ್ವಕವಾಗಿ, ನನ್ನದೇ ಹೆಸರಿನಲ್ಲಿ ‘ಹೌದು’ ಎಂಬುದನ್ನು ಒತ್ತಿದೆ. ಅದು ರಾಹುಕಾಲವಾಗಿತ್ತೆಂದು ಶಾರದ ಆಮೇಲೆ ತಿಳಿಸಿದಳು.

ಶುಕ್ರವಾರ ಸಂಜೆ ವಾಗೀಶರು ದೂರವಾಣಿಯಲ್ಲಿ, “ಐದಾಯ್ತು ಸ್ವಾಮಿ, ತೆರೀತು. ಮೊಮ್ಮಗಳ ವರ್ಗಾವಣೆ ಕಾಗದಕ್ಕೆ ಈಗಷ್ಟೇ ಸಹಿ ಹಾಕಿದೆ, ಅವಳು ಆರನೆಯವಳು. ನಿಮಗೆ ತೊಂದರೆ ಆಗೋದಾದ್ರೆ ನೀವೀಗ ಹಿಂದೆ ಸರೀಬಹುದು” ಎಂದರು. ಸಮನ್ವಿತಾ ಪಕ್ಕದಲ್ಲಿಯೇ ನಿಂತಿದ್ದಳು. ನಾನು ಹಿಂದೆ ಸರಿಯುವುದಿಲ್ಲವೆಂದೆ. ಅವಳು, “ಆಗಲಿ ತಾತ. ಆದರೆ ಕ್ಲಾಸಲ್ಲಿ ನನ್ನ ಪಕ್ಕ ಕೂರಬೇಡಿ, ನಡುನಡುವೆ ಶ್ಲೋಕ ಹೇಳ್ತೀರಿ” ಎಂದಳು. ಮರುದಿನ ಬೆಳಿಗ್ಗೆ ಓಲೆಕಟ್ಟನ್ನು ಅವಳೇ ಗೂಡಿನಿಂದ ಕೆಳಗಿಳಿಸಿದಳು. ಅದನ್ನು ನವರಾತ್ರಿಯ ಹೊರತು ಇಳಿಸಿದ್ದು ಅದೇ ಮೊದಲು. ಶಾರದ ಮಣೆ ತಂದಿಟ್ಟಳು.

ಇನ್ನು ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನನ್ನ ಮುತ್ತಜ್ಜನಂಥ ಲಿಪಿಕಾರರು ಗ್ರಂಥ ಮುಗಿದ ಕಡೆ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಒಂದು ಮಾತನ್ನು ಬರೆಯುತ್ತಿದ್ದರು. ಕೈಸೋತು ಕಣ್ಣುಸೋತು ಬರೆದವರೂ ಆ ಸಾಲನ್ನು ಬಿಡುತ್ತಿರಲಿಲ್ಲ. ತಾವು ಸಂತೋಷಪಡುವ ಮುನ್ನ ಆ ಒಂದು ಸಾಲನ್ನು ಸೇರಿಸಿಕೊಂಡು, ತಿದ್ದಲು ಒಂದು ಗುಂಡಿಯನ್ನೂ ಇಡಬೇಕು. ಸಂಪಾದನೆ ಎಂಬ ಪದಕ್ಕೆ ಎರಡು ಅರ್ಥಗಳಿವೆಯೆಂಬುದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಅನುಕೂಲವಾದರೆ ಬೆಟ್ಟಯ್ಯನವರ ಮಗಳಿಗೆ ಜಾವೆಲಿನ್ ಜೊತೆಗೆ ಸ್ವಲ್ಪ ಕನ್ನಡವನ್ನೂ ದಯಪಾಲಿಸಬೇಕು. ಅಲ್ಲದೆ, ನಮ್ಮ ತರಗತಿಯಲ್ಲಿ ಆರು ಜನರಿದ್ದೇವೆ, ಜಾಗ ಧಾರಾಳವಾಗಿದೆ. ತಾವೂ ಏಳನೆಯವರಾಗಿ ಸೇರಿ ತಾಳೆಗರಿಯ ಮುಂದೆ ಕುಳಿತು, ಒಂದು ಅಕ್ಷರದ ಮುಂದೆ ಒಂದು ದಿನ ಅನುಮಾನಿಸುವ ಸುಖವನ್ನು ಅನುಭವಿಸಬೇಕು. ಅನುಮಾನವೆಂಬುದು ತಮಗೆ ಹೊಸದಾದ್ದರಿಂದ ಮೊದಮೊದಲು ಕಷ್ಟವೆನಿಸಬಹುದು. ನನ್ನ ಟಿಪ್ಪಣಿಗಳನ್ನು ಸಂಕೋಚವಿಲ್ಲದೆ ಪಡೆಯಬಹುದು. ಸಮನ್ವಿತಾ ನನ್ನನ್ನು ಒಲ್ಲೆನೆಂದಿರುವುದರಿಂದ ನನ್ನ ಪಕ್ಕದ ಜಾಗ ಖಾಲಿಯಿದೆ.

ಇಂತು, ಮುಂದಿನ ಸೋಮವಾರದಿಂದ ತಮ್ಮ ವಿದ್ಯಾರ್ಥಿಯೂ ಆಗಲಿರುವ,

ತಮ್ಮ ವಿಶ್ವಾಸಿ,
ನಂಜುಂಡಯ್ಯ
ಲಷ್ಕರ್ ಮೊಹಲ್ಲಾ, ಮೈಸೂರು

ತಾ.ಕ.: ಈ ಪತ್ರವನ್ನು ಮಡಿಸುತ್ತಿರುವಾಗಲೇ ತಮ್ಮ ಸಂದೇಶ ತಲುಪಿತು: ‘ಅಭಿನಂದನೆಗಳು ನಂಜುಂಡಯ್ಯ. ಪ್ರವೇಶದ ದಿನ ನಿಮ್ಮ ತಂದೆ ತಾಯಿಯರನ್ನು ತಪ್ಪದೆ ಕರೆತನ್ನಿ.’ ಅವರು ಪಿತೃಲೋಕವನ್ನು ಸೇರಿ ಬಹಳ ವರ್ಷಗಳಾದರೂ, ವರ್ಷಕ್ಕೊಮ್ಮೆ ನಾನು ವಿಧಿಪೂರ್ವಕವಾಗಿ ಕರೆದಾಗ ಬಂದುಹೋಗುವ ವಾಡಿಕೆಯುಂಟು. ತಂದೆಯವರ ತಿಥಿ ಭಾದ್ರಪದದಲ್ಲಿ ಬರುತ್ತದೆ. ಪ್ರವೇಶದ ದಿನವನ್ನು ಅಲ್ಲಿಗೆ ಮುಂದೂಡಿದರೆ ತಮ್ಮ ಆಜ್ಞೆಯಂತೆ ಖಂಡಿತ ಕರೆತರುತ್ತೇನೆ; ಬಾಳೆಲೆ, ಎಳ್ಳು, ದರ್ಭೆ ಮತ್ತು ಕಾಗೆಗಳ ಏರ್ಪಾಡನ್ನು ವಿಶ್ವವಿದ್ಯಾನಿಲಯವು ಮಾಡತಕ್ಕದ್ದು. ಬಂದಾಗ ಅವರಿಗೆ ನಕ್ಷತ್ರವನ್ನು ಮಾತ್ರ ಕೇಳಬೇಡಿ. ಅವರೂ ಹೇಳಿಬಿಡುತ್ತಾರೆ.