ಶೋಭಾಳ ದೊಡ್ಡ ಬೂಟು

ಸಿಗದೇ ಹೋದ ವಸ್ತುಗಳ ಮೇಲಿನ ಆಸೆ ವಯಸ್ಸಾದಂತೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗಂತೂ ಆಗಿಲ್ಲ. ಐವತ್ತು ದಾಟಿದ ಮೇಲೂ ಬೂಟಿನಂಗಡಿಯ ಮುಂದೆ ನನ್ನ ಹೆಜ್ಜೆ ನಿಧಾನವಾಗುತ್ತದೆ. ಚಿಕ್ಕವಳಿದ್ದಾಗ ಅಂಥದೊಂದು ಅಂಗಡಿಯಲ್ಲಿ ಬಿಳಿ ಬೂಟು ನೋಡಿ ಅತ್ತಿದ್ದೆ. ಅದು ನೀಲಿ ಬೂಟು, ಅತ್ತವಳು ತಾನು ಎನ್ನುತ್ತಾಳೆ ತಂಗಿ. ಇರಬಹುದು. ಬಣ್ಣ, ಅಳು ಎರಡೂ ಅವಳಿಗಿರಲಿ. ಆಸೆ ಮಾತ್ರ ನನ್ನ ಹತ್ತಿರವೇ ಉಳಿದಿದೆ.

ಆದ್ದರಿಂದ ಇಳಕಲ್ ಸಮೀಪದ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗೆ ಬಡ ಮಕ್ಕಳ ಆಟೋಟಕ್ಕೆಂದು ಅನುದಾನ ಬಂದಾಗ, ಮುಖ್ಯ ಶಿಕ್ಷಕಿಯಾದ ನಾನು ಚೆಂಡು, ಹಗ್ಗ ಎಂದು ಯೋಚಿಸಲೇ ಇಲ್ಲ. ಓಟದ ಐದು ಹುಡುಗಿಯರಿಗೆ ಬೂಟು ಎಂದುಬಿಟ್ಟೆ. ನಮ್ಮೂರಲ್ಲಿ ಕಾಲಿನ ಅಳತೆಗೆ ನೂಲೆಳೆ ಸಾಕು: ಹಿಮ್ಮಡಿಯಿಂದ ಹೆಬ್ಬೆರಳಿಗೆ ಎಳೆದು ಹರಿದರೆ ಆಯಿತು. ಮನೆಮನೆಯಲ್ಲಿ ಮಗ್ಗ, ನೂಲಿಗೇನು ಬರ. ಮಕ್ಕಳು ಮನೆಯಿಂದ ತಂದ ಐದು ಎಳೆಗಳನ್ನು ಪರ್ಸಿನಲ್ಲಿಟ್ಟುಕೊಂಡು ಬಾಗಲಕೋಟೆಗೆ ಹೋಗಿ ಬೂಟು ತಂದೆ.

ಆರನೇ ತರಗತಿಯ ಶೋಭಾ ಎಲ್ಲರಿಗಿಂತ ಜೋರಾಗಿ ಓಡುವವಳು. ಅವಳ ಬೂಟಿನೊಳಗೆ ಪಾದದ ಜೊತೆ ನನ್ನ ಮೂರು ಬೆರಳೂ ಹೋದವು.

"ಯಾರ ಅಳತಿ ತಂದೀಯವಾ?"

"ನಮ್ಮವ್ವಂದ್ರಿ, ಅಕ್ಕೋರ."

"ಓಡಾಕಿ ನೀನೋ, ನಿಮ್ಮವ್ವನೋ?"

"ನಾನರಿ. ಆದ್ರ ಓಡೂದು ಒಂದ ದಿನ ಅಲ್ರಿ. ಉಳದ ದಿನ ಅಕಿ ಹಾಕ್ಕೋತಾಳ, ನನ್ನ ಕಾಲು ಬೆಳಿಯೂತನಾ."

ಮಗ್ಗದವರಿಗೆ ನೂಲು ಸುತ್ತಿಕೊಡುವ ಅವಳ ತಾಯಿಯನ್ನು ಕರೆಸಿ ಬೈಯಬೇಕೆಂದಿದ್ದೆ. ಹುಡುಗಿ ಬೂಟಿನ ಮೇಲೆ ಕೈಯಾಡಿಸುವುದನ್ನು ನೋಡಿ ಆ ಯೋಚನೆ ಬಿಟ್ಟೆ. ಬದಲಿಸಲು ವೇಳೆಯೂ ಇರಲಿಲ್ಲ. ಮರುದಿನವೇ ಹುನಗುಂದದಲ್ಲಿ ತಾಲೂಕು ಕ್ರೀಡಾಕೂಟ. ಗೆದ್ದರೆ ಶೋಭಾ ಜಿಲ್ಲೆಗೆ ಹೋಗುತ್ತಾಳೆ.

ಮೈದಾನದಲ್ಲಿ ಅವಳು, "ಬರಿಗಾಲಿಲೆ ಓಡ್ತೇನ್ರಿ" ಎಂದಳು. ಬುದ್ಧಿವಂತ ಮಾತು. ಆದರೆ ಅನುದಾನದ ಬೂಟು ಮಕ್ಕಳ ಕಾಲಲ್ಲಿರುವ ಫೋಟೋ ಕಚೇರಿಗೆ ಕಳಿಸಬೇಕಲ್ಲ. "ಫೋಟೋ ಆಗ್ಲಿ ತಡಿ" ಎಂದು ಅವಳ ಬೂಟಿನ ತುದಿಗೆ ಬಟ್ಟೆ ತುರುಕಿ, ಐವರನ್ನೂ ಗೆರೆಯ ಬಳಿ ನಿಲ್ಲಿಸಿದೆ. ಬಗ್ಗಿ ಒಂದು ಫೋಟೋ ತೆಗೆದೆ. ಸರಿ ಬರಲಿಲ್ಲವೆಂದು ಇನ್ನೊಂದು. ಅಷ್ಟರಲ್ಲಿ ಶೋಭಾಳ ಓಟಕ್ಕೆ ಕರೆದರು; ಬಿಚ್ಚುವಷ್ಟು ವೇಳೆ ಉಳಿಯದೆ ಸೀಟಿಯೂ ಊದಿಬಿಟ್ಟರು.

ಅರ್ಧ ದಾರಿಯವರೆಗೆ ಅವಳೇ ಮುಂದು. ಹತ್ತು ಹೆಜ್ಜೆ ಮುಂದಿದ್ದಳೆಂದು ಬರೆಯುವ ಆಸೆ, ಮೂರಿದ್ದೀತು. ಬಲಗಾಲಿನ ಬೂಟು ಕಳಚಿ ಹಿಂದೆ ಬಿತ್ತು. "ಬಿಡ್ ಅದನ್ನ, ಓಡು" ಎಂದು ಕೂಗಿದೆ. ಅವಳು ನಿಂತಳು, ಹಿಂದಕ್ಕೆ ಹೋದಳು, ಬೂಟೆತ್ತಿ ಮಣ್ಣು ಕೊಡವಿದಳು, ಎದೆಗವಚಿಕೊಂಡು ಎಲ್ಲರಿಗಿಂತ ಕಡೆಗೆ ಬಂದಳು.

"ಒಂದ ಒಯ್ದ್ರ ಅವ್ವ ಏನ್ ಮಾಡ್ಬೇಕ್ರಿ?" ಎಂದಳು, ನಾನು ಕೇಳುವ ಮೊದಲೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಫೋಟೋ ಕೇಳಿದಳು. ತೋರಿಸಿದೆ. ಬೂಟುಗಳು ಬಹಳ ಚೆನ್ನಾಗಿ ಬಂದಿದ್ದವು. ಮೊಣಕಾಲಿನಿಂದ ಮೇಲೆ ಯಾರೂ ಇರಲಿಲ್ಲ.

"ಇದರಾಗ ನಾ ಎಲ್ಲಿ ಅದೇನ್ರಿ?"

"ಇವು ನೋಡು, ದೊಡ್ಡವು."

"ನೋಡಿದವ್ರು ನಮ್ಮವ್ವ ಅಂತ ತಿಳಕೋತಾರ." ಮೊಬೈಲನ್ನು ನನ್ನ ಕಡೆಗೆ ಸರಿಸಿದಳು. "ಮುಂದಿನ ವರ್ಷ ಫೋಟೋ ಓಡಿದ ಮ್ಯಾಲ ತಗೀರಿ, ಅಕ್ಕೋರ."

ಹೂಂ ಎಂದೆ. ನಾನು ಯಾವಾಗ ತರಗತಿಯ ಮಕ್ಕಳಂತೆ ಕೈ ಕಟ್ಟಿಕೊಂಡು ಕೂತೆನೋ ಗೊತ್ತಾಗಲಿಲ್ಲ.