ವಜ್ರಬಾಹುವಿನ ಸಾವು ಮತ್ತು ಸೇವಾ ನಿಯಮಗಳು

ಸುಂಕಣ್ಣನ ಭಾನುವಾರಗಳು ಹಾಳಾದದ್ದು ಒಂದು ದಾಳದಿಂದ. ಪಗಡೆಯ ದಾಳವಲ್ಲ, ಇಪ್ಪತ್ತು ಮುಖದ್ದು, ಗೋಲಿಗಿಂತ ಚೂರು ದೊಡ್ಡದು. ಅದರಲ್ಲಿ ಎರಡು ಬಿದ್ದಿದ್ದರೂ ಸಾಕಿತ್ತು. ಬಿದ್ದದ್ದು ಒಂದು. ಅವನ ವಜ್ರಬಾಹು ಹಗ್ಗದ ಸೇತುವೆಯ ಮೇಲೆ ಕಾಲು ಜಾರಿ ಕಮರಿಗೆ ಬಿದ್ದು ಸತ್ತುಹೋದ.

ವಜ್ರಬಾಹು ಯಾರೆಂದು ಮೊದಲು ಹೇಳಬೇಕು. ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಸಂದಿಯಲ್ಲಿ ದೊಡ್ಡಬಸವರಾಜನ ಜೆರಾಕ್ಸ್ ಅಂಗಡಿಯಿದೆ. ಭಾನುವಾರ ಅದರ ಶಟರ್ ಅರ್ಧ ಇಳಿಸಿ, ಒಳಗೆ ಒಂದು ಮೇಜು ನಾಲ್ಕು ಕುರ್ಚಿ ಹಾಕಿ ಆಟ ನಡೆಯುತ್ತದೆ. ದೊಡ್ಡಬಸವರಾಜ ಕತೆ ಹೇಳುತ್ತಾನೆ: ಕಾಡು, ಕೋಟೆ, ರಾಕ್ಷಸರು, ನಿಧಿ ಕಾಯುವ ಹಾವು. ಉಳಿದ ಮೂವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಶೀಲಾ ಮೇಡಂ ಅಲ್ಲಿ ಮಂತ್ರವಾದಿನಿ. ಮೋಟಾರು ರಿಪೇರಿಯ ವಾಲ್ಮೀಕಿ ವೈದ್ಯ. ಸುಂಕಣ್ಣ ಗದೆ ಹಿಡಿದ ವಜ್ರಬಾಹು. ಗೆದ್ದಂತೆಲ್ಲ ಪಾತ್ರದ ಲೆವೆಲ್ ಏರುತ್ತದೆ. ವಜ್ರಬಾಹು ಮೂರು ವರ್ಷದಲ್ಲಿ ಒಂದರಿಂದ ಒಂಬತ್ತಕ್ಕೆ ಏರಿದ್ದ.

ಸಿರುಗುಪ್ಪದಲ್ಲಿ ಸುಂಕಣ್ಣನಿಗೆ ಇದ್ದದ್ದಾದರೂ ಏನು? ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕೆಲಸ. ಪುಟ್ಟ ಕಿಟಕಿಯೊಳಗಿಂದ ದಿನವಿಡೀ ಹೇಳುವ ಮಾತು ಎರಡೇ: "ಮುಂದಕ ಬಾ" ಮತ್ತು "ಹಿಂದಕ ತಗೋ." ಸಂಜೆ ಬಾಡಿಗೆ ಕೋಣೆಗೆ ಬಂದರೆ ಅಷ್ಟೂ ಇಲ್ಲ. ಮೂವತ್ನಾಲ್ಕು ದಾಟಿದವನಿಗೆ ಹೆಣ್ಣು ನೋಡುವ ಉಮೇದು ಅವನ ಅಣ್ಣಂದಿರಿಗೂ ಇಳಿದುಹೋಗಿತ್ತು. ಅಂಥವನನ್ನು ವಾರಕ್ಕೊಮ್ಮೆ ದೊಡ್ಡಬಸವರಾಜ ಮುಂದಕ್ಕೆ ಬಾಗಿ, "ಸುಂಕಣ್ಣಾ, ಈಗ ನೀ ಏನ್ ಮಾಡ್ತಿ?" ಎಂದು ಕೇಳುತ್ತಿದ್ದ. ಆ ಪ್ರಶ್ನೆ ಕೇಳುವವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಅದಕ್ಕಾಗಿ ಅವನು ಎರಡು ತಾಸು ಬಸ್ಸಿನಲ್ಲಿ ನಿಂತು ಹೋಗಲೂ ಸಿದ್ಧನಿದ್ದ.

ಈಗ ಅದಕ್ಕೇ ಕಲ್ಲು ಬಿತ್ತು. ಆ ಮೇಜಿಗೆ ಅದರದೇ ನಿಯಮಗಳಿದ್ದವು. ದೊಡ್ಡಬಸವರಾಜ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಮೂರನೇ ನಿಯಮ: ಪಾತ್ರ ಸತ್ತರೆ ಆಟಗಾರ ಆರು ಭಾನುವಾರ ಬರಬಾರದು, ಬಂದ ಮೇಲೆ ಹೊಸ ಪಾತ್ರ, ಒಂದನೇ ಲೆವೆಲ್ಲಿನಿಂದ. ಹಿಂದೆ ಶೀಲಾ ಮೇಡಂ ಪಾತ್ರ ಸತ್ತಾಗ, ಮರುವಾರವೇ ಅವರು ಸತ್ತವಳ ಅವಳಿ ತಂಗಿಯನ್ನು, ಅದೇ ಮಂತ್ರದಂಡದ ಸಮೇತ, ಕರೆದುಕೊಂಡು ಬಂದಿದ್ದರು. ಆಗ ಹುಟ್ಟಿದ ನಿಯಮ ಅದು. ಅಂದು "ನಿಯಮ ಅಂದ್ರ ನಿಯಮ" ಎಂದು ಮೇಜು ಗುದ್ದಿದವನು ಸಾಕ್ಷಾತ್ ಸುಂಕಣ್ಣನೇ.

ಹೀಗಾಗಿ ಈ ಭಾನುವಾರ ಬೆಳಿಗ್ಗೆ ಬಳ್ಳಾರಿ ಬಸ್ಸು ಹೊರಡುವ ಹೊತ್ತಿಗೆ ಸುಂಕಣ್ಣ ಕೋಣೆಯ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದ. ಮನೆಯ ಒಡತಿ ವಿರೂಪಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವರು ಕೊಡ ಕೆಳಗಿಟ್ಟರು.

"ಯಾಕೋ ತಮ್ಮಾ, ಇವತ್ತು ಬಳ್ಳಾರಿಗೆ ಹೋಗಲಿಲ್ಲೇನು? ಮಾರಿ ಹಿಂಗ್ಯಾಕ ಆಗೇತಿ?"

"ಏನಿಲ್ರೀ ಅಮ್ಮಾರ."

"ಏನಿಲ್ಲ ಅಂದ್ರ ನಾ ಬಿಡಾಕಿ ಅಲ್ಲ. ಹೇಳು."

ಬಿಡುವವರಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಸುಂಕಣ್ಣ ಎಲ್ಲ ಹೇಳಿದ. ಅಷ್ಟು ಉದ್ದಕ್ಕೆ ಮಾತಾಡಿ ರೂಢಿಯಿಲ್ಲದ ಅವನಿಗೆ ಗಂಟಲು ಒಣಗಿತು. ಕೇಳಿ ನಗುತ್ತಾರೆಂದು ಅಂದುಕೊಂಡಿದ್ದ. ವಿರೂಪಮ್ಮ ನಗಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಸತ್ತ ಅಂತ ಹೇಳಿದವ್ರು ಯಾರು? ಹೆಣ ನೋಡ್ಯಾರೇನು?"

"ಹೆಣ ಎಲ್ಲೀದ್ರೀ ಅಮ್ಮಾರ, ಅದು ಆಟ."

"ಆಟ ಆದ್ರೇನು, ಮೂರು ವರ್ಷ ನಿನ್ನ ಜೋಡಿ ಇದ್ದವ. ಕಣ್ಣಿಲೆ ನೋಡದನ ಸತ್ತ ಅಂತ ಬರಕೊಂಡುಬಿಡಾದೇನು? ಎರ್ರೆಪ್ಪಾ! ಏ ಎರ್ರೆಪ್ಪಾ! ಬಾ ಇಲ್ಲಿ!"

ಪಕ್ಕದ ಮನೆಯ ಎರ್ರೆಪ್ಪ ತಾಲೂಕು ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಸೇವಾ ನಿಯಮಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಕೇಳುವವರು ಮಾತ್ರ ಇರಲಿಲ್ಲ. ಅಂಥವರ ಕಿವಿಗೆ 'ನಿಯಮ' ಎಂಬ ಮಾತು ಬಿದ್ದದ್ದೇ ತಡ, ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಗೋಡೆ ಪಕ್ಕಕ್ಕೆ ಬಂದರು. ಪೂರ್ತಿ ಕೇಳಿ, ಉಗಿದು, ತೀರ್ಪು ಕೊಟ್ಟರು.

"ನೋಟೀಸಿಲ್ಲ, ವಿಚಾರಣಿ ಇಲ್ಲ, ನೇರ ಆರು ವಾರ ಸಸ್ಪೆಂಡ್! ಇದು ನಿಂದ್ರಂಗಿಲ್ಲ. ಅಪೀಲು ಮಾಡಬೇಕು. ಅಂಗಿ ಹಾಕ್ಕೊಂಡು ಬರ್ತೀನಿ ತಡಿ."

"ಬ್ಯಾಡ್ರೀ ಸರ, ಆರು ವಾರ ಹೆಂಗೋ ಕಳೀತಾವ..." ಎಂದ ಸುಂಕಣ್ಣ. ಆದರೆ ಅಷ್ಟು ಹೊತ್ತಿಗೆ ವಿರೂಪಮ್ಮ ಮನೆಗೆ ಬೀಗ ಹಾಕುತ್ತಿದ್ದರು. ತನಗಾಗಿ ಇಬ್ಬರು ಎದ್ದು ನಿಂತಿದ್ದಾರಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಬೇಕು.

ಮುಂದಿನ ಬಸ್ಸಿಗೆ ಮೂವರೂ ಹೊರಟರು. ತೆಕ್ಕಲಕೋಟೆ ಬರುವಷ್ಟರಲ್ಲಿ ವಿರೂಪಮ್ಮ ಪಕ್ಕದ ಸೀಟಿನವರಿಗೆಲ್ಲ ಕೇಸು ಹೇಳಿ ಮುಗಿಸಿದ್ದರು. ಕಂಡಕ್ಟರ್ ಕೂಡ, ಆ ಸೇತುವೆಯನ್ನು ಯಾವ ಕಂಟ್ರಾಕ್ಟರ್ ಕಟ್ಟಿದ್ದನೆಂದು ವಿಚಾರಿಸಿದ. ಸುಂಕಣ್ಣ ಕಿಟಕಿಯ ಹೊರಗಿನ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತ.

ಅರ್ಧ ಶಟರಿನ ಕೆಳಗೆ ಬಗ್ಗಿ ಮೂವರು ಒಳಗೆ ಬಂದಾಗ ದೊಡ್ಡಬಸವರಾಜ ಕೈಯಲ್ಲಿದ್ದ ದಾಳ ಕೆಳಗಿಟ್ಟ.

"ಸುಂಕಣ್ಣಾ, ನೀ ಸತ್ತಿ. ಇನ್ನ ಆರು ವಾರ ಬರಂಗಿಲ್ಲ. ಇವ್ರು ಯಾರು?"

"ಸತ್ತಾನ ಅಂತ ನೀ ಹೆಂಗ ಅಂತಿ?" ವಿರೂಪಮ್ಮ ಯಾರೂ ಹೇಳದೆಯೇ ಖಾಲಿ ಕುರ್ಚಿಯಲ್ಲಿ ಕೂತರು. "ಆ ಕಮರಿ ತಳಕ್ಕ ಏನಿತ್ತು?"

"ಹೊಳಿ, ಅಮ್ಮಾರ," ಎಂದ ದೊಡ್ಡಬಸವರಾಜ.

"ಹೊಳ್ಯಾಗ ನೀರೆಷ್ಟಿತ್ತು?"

ದೊಡ್ಡಬಸವರಾಜ ಶೀಲಾ ಮೇಡಂ ಮುಖ ನೋಡಿದ. ಶೀಲಾ ಮೇಡಂ ವಾಲ್ಮೀಕಿಯ ಮುಖ ನೋಡಿದರು. ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಗೊತ್ತಿಲ್ಲ ಹೌದಿಲ್ಲೊ? ಮ್ಯಾಲೆ ಡ್ಯಾಮಿನ ಗೇಟು ಬಿಟ್ಟಿದ್ರೇನು? ಬಿಟ್ಟಿದ್ರ ಆಳದ ನೀರು, ಮನಷ್ಯಾ ತೇಲ್ತಾನ. ನಮ್ಮ ಸಣ್ಣಪ್ಪನ ಮಗ ಹಿಂಗ ಹೊಳಿ ಪಾಲಾದವ, ಎಲ್ರೂ ಅತ್ತು ಮುಗಿಸಿದ್ವಿ. ಮೂರು ದಿನಕ್ಕ ಬಾಳಿ ದಿಂಡು ಹಿಡಕೊಂಡು ಕೆಳಗಿನ ಊರಾಗ ದಡ ಹತ್ತ್ಯಾನ. ಬಂದವನ ಉಣ್ಣಾಕ ನೀಡು ಅಂದ!"

"ಅದಲ್ದ ಕಾನೂನು ಒಂದೈತಿ," ಎರ್ರೆಪ್ಪ ಕನ್ನಡಕ ಒರೆಸಿದರು. "ಕಾಣಿ ಆದವ್ರನ್ನ ಏಳು ವರ್ಷ ಆಗೂತನಕ ಸತ್ತರು ಅಂತ ತಿಳಕೊಳ್ಳಾಕ ಬರಂಗಿಲ್ಲ. ನಿಮ್ಮ ಕತ್ಯಾಗ ಏಳು ವರ್ಷ ಆಗೇತೇನು?"

"ಒಂದು ವಾರ ಆಗೇತ್ರಿ," ವಾಲ್ಮೀಕಿ ಮೆಲ್ಲಗೆಂದ.

ಹದಿನೈದು ನಿಮಿಷ ಜಗ್ಗಾಡಿದ ಮೇಲೆ ದೊಡ್ಡಬಸವರಾಜ ಕೈಚೆಲ್ಲಿದ. "ಆತು. ವಜ್ರಬಾಹು ಸತ್ತಿಲ್ಲ. ಹೊಳಿ ದಂಡ್ಯಾಗ ಸಿಕ್ಕಾನ. ಬಾರಪ್ಪ ಸುಂಕಣ್ಣ, ಕುಂದ್ರು."

ಸುಂಕಣ್ಣನ ಎದೆಯ ಭಾರವೆಲ್ಲ ಒಮ್ಮೆಲೆ ಇಳಿಯಿತು. ವಿರೂಪಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನ್ನಿಸಿತು ಅವನಿಗೆ. ವಿರೂಪಮ್ಮ ಕುರ್ಚಿಯಿಂದ ಏಳಲು ಮೊಣಕಾಲ ಮೇಲೆ ಕೈಯೂರಿದ್ದರು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

"ತಡೀರಿ, ಇನ್ನೊಂದು ಪಾಯಿಂಟ್ ಐತಿ," ಎಂದರು ಎರ್ರೆಪ್ಪ. "ಈ ವಜ್ರಬಾಹು ಒಂಬತ್ತನೇ ಲೆವೆಲ್ಲಿನಾಗ ಎಷ್ಟು ದಿನದಿಂದ ಅದಾನ?"

"ಒಂದು ವರ್ಷದ ಮ್ಯಾಲಾತು," ಎಂದರು ಶೀಲಾ ಮೇಡಂ.

"ನೋಡ್ರಿ ಅನ್ಯಾಯ! ವರ್ಷಗಟ್ಟಲೆ ಬಡ್ತಿ ಇಲ್ಲ! ಹೊಳ್ಯಾಗ ಬಿದ್ದದ್ದೂ ಡ್ಯೂಟಿ ಮ್ಯಾಲನ. ಅದನ್ನೂ ಸೇವಾದಾಗ ಹಿಡೀರಿ. ಅಂವಗ ಹತ್ತನೇ ಲೆವೆಲ್ ಕೊಡಾಕಬೇಕು."

ಸುಂಕಣ್ಣ ಅವರ ತೋಳು ಹಿಡಿದು ಎಳೆದ. "ಸರ, ಬ್ಯಾಡ್ರಿ. ನಡೀರಿ ಸರ, ಚಾ ಕುಡಿಯೋಣು."

ಅವನು ಹಾಗೆ ತಡೆಯಲು ಕಾರಣವಿತ್ತು. ನೋಟ್‌ಬುಕ್ಕಿನಲ್ಲಿ ಐದನೇ ನಿಯಮ ಒಂದಿತ್ತು. ಹತ್ತನೇ ಲೆವೆಲ್ಲಿನ ಪಾತ್ರಕ್ಕೆ ಎದುರು ನಿಲ್ಲುವ ರಾಕ್ಷಸರು ದೊಡ್ಡಬಸವರಾಜನ ಬಳಿ ಇರಲಿಲ್ಲ. ಅದಕ್ಕೆ ಹತ್ತು ಮುಟ್ಟಿದವನು ಒಂದು ಸಣ್ಣ ರಾಜ್ಯಕ್ಕೆ ರಾಜನಾಗಿ, ಸುಖವಾಗಿ ನಿವೃತ್ತನಾಗಬೇಕು. ಅವನ ಆಟಗಾರ ಕತೆ ಪೂರ್ತಿ ಮುಗಿಯುವವರೆಗೆ ಮೇಜಿನ ಹತ್ತಿರ ಬರಬಾರದು, ಕುರ್ಚಿ ಹೊಸಬರಿಗೆ. ಮೂರು ವರ್ಷ ಆಡಿದರೂ ಕತೆ ನಕ್ಷೆಯ ಕಾಲುಭಾಗ ದಾಟಿರಲಿಲ್ಲ. ಈ ಭಯಕ್ಕೇ ಸುಂಕಣ್ಣ ಒಂದು ವರ್ಷದಿಂದ ಬೇಕೆಂತಲೇ ಗದೆಯನ್ನು ಗಾಳಿಗೆ ಬೀಸುತ್ತಿದ್ದ. ಸಾಯಲು ಬಿದ್ದ ರಾಕ್ಷಸನನ್ನು ಶೀಲಾ ಮೇಡಂಗೆ ಬಿಟ್ಟುಕೊಡುತ್ತಿದ್ದ. ಎಲ್ಲರೂ ಅದನ್ನು ಅವನ ದೊಡ್ಡ ಗುಣ ಎಂದುಕೊಂಡಿದ್ದರು.

"ಅಂವಗ ಬಾಯಿಲ್ರೀ, ಪಾಪ," ಎಂದರು ವಿರೂಪಮ್ಮ. "ಗಿರಣ್ಯಾಗೂ ಹಿಂಗ. ಕೇಳ್ಕೊಳ್ಳಂಗನ ಇಲ್ಲ. ಕೊಟ್ಟುಬಿಡ್ರಿ ಅಂವಗ."

"ನನಗ ಬ್ಯಾಡ್ರೀ!" ಸುಂಕಣ್ಣ ಕೂಗಿಯೇಬಿಟ್ಟ. "ಬಡ್ತಿ ಬ್ಯಾಡ, ರಾಜ್ಯ ಬ್ಯಾಡ. ಬೇಕಾದ್ರ ವಜ್ರಬಾಹು ಸತ್ತಾನ ಅಂತನ ಬರೀರಿ, ಆರು ವಾರ ಕಾಯ್ತೀನಿ. ನನಗ ಈ ಕುರ್ಚಿ ಬಿಟ್ರ ಬ್ಯಾರೆ ಏನೂ ಇಲ್ರಿ. ವಾರಪೂರ್ತಿ ನನ್ನ ಯಾರೂ ಮಾತಾಡ್ಸಂಗಿಲ್ರಿ!"

ಶೀಲಾ ಮೇಡಂ ಕಣ್ಣೊರೆಸಿಕೊಂಡರು.

"ಎಂಥಾ ಮನಸು ನೋಡ್ರಿ," ಎಂದರು. "ನಮ್ಮನ್ನ ಬಿಟ್ಟು ಹೋಗಬೇಕಲ್ಲ ಅಂತ ಬಡ್ತೀನೂ ಬ್ಯಾಡ ಅಂತಾರ. ಬಸವರಾಜ, ಇಂಥವ್ರಿಗೆ ಕೊಡಲಿಲ್ಲ ಅಂದ್ರ ಯಾರಿಗೆ ಕೊಡ್ತೀರಿ?"

ವಾಲ್ಮೀಕಿ ಚಪ್ಪಾಳೆ ತಟ್ಟಿದ. ದೊಡ್ಡಬಸವರಾಜ ಕೆಂಪು ಪೆನ್ನು ತೆಗೆದು ವಜ್ರಬಾಹುವಿನ ಹಾಳೆಯ ಮೇಲೆ ಹತ್ತು ಎಂದು ಬರೆದ. ಆ ಮೇಲೆ ಐದನೇ ನಿಯಮವನ್ನು ಗಟ್ಟಿಯಾಗಿ ಓದಿದ. ಸುಂಕಣ್ಣ ಅಂಗಲಾಚಿದ. ದೊಡ್ಡಬಸವರಾಜ ಅವನ ಬೆನ್ನು ತಟ್ಟಿ, "ನಿಯಮ ಅಂದ್ರ ನಿಯಮ ಅಂತ ನೀನ ಅಂದಿದ್ದಿ, ಮರತಿಯೇನು?" ಎಂದ.

"ನಿವೃತ್ತಿ ಅಂದಮ್ಯಾಲೆ ಸನ್ಮಾನ ಆಗಬೇಕು," ಎಂದು ಎರ್ರೆಪ್ಪ ಹೊರಗೆ ಹೋಗಿ ಒಂದು ಶಾಲು, ಒಂದು ಸೇವಂತಿಗೆ ಹಾರ ತಂದು ಸುಂಕಣ್ಣನಿಗೆ ಹಾಕಿದರು. ತಮ್ಮ ನಿವೃತ್ತಿಯ ದಿನ ಕಚೇರಿಯವರು ಹಾರವನ್ನೇ ಮರೆತಿದ್ದರೆಂದೂ, ಆ ತಪ್ಪು ಇಲ್ಲಿ ಆಗಕೂಡದೆಂದೂ ಭಾಷಣ ಮಾಡಿದರು. ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದರು, ಒಬ್ಬನನ್ನು ಬಿಟ್ಟು.

"ಅಮ್ಮಾರ," ದೊಡ್ಡಬಸವರಾಜ ವಿರೂಪಮ್ಮನತ್ತ ತಿರುಗಿದ, "ಹೊಳ್ಯಾಗ ನೀರೆಷ್ಟಿತ್ತು ಅಂತ ಕೇಳಿದ್ರಲ್ಲ, ಅಂಥಾ ತಲಿ ನಮ್ಮ ಆಟಕ್ಕ ಬೇಕ್ರಿ. ಕುರ್ಚಿ ಖಾಲಿ ಆತು. ನೀವು ಬರ್ತೀರೇನು?"

"ಅಯ್ಯ, ಈಗಾಗ್ಲೇ ಕುಂತೀನಲ್ಲ," ಎಂದರು ವಿರೂಪಮ್ಮ, ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ.

ಎರ್ರೆಪ್ಪ, ಈ ನಿಯಮಾವಳಿಯಲ್ಲಿ ತಪ್ಪುಗಳು ಬಹಳ, ಕರಡು ತಿದ್ದಬೇಕು ಎಂದು ನೋಟ್‌ಬುಕ್ಕು ಎಳೆದುಕೊಂಡು ಸ್ಟೂಲಿನ ಮೇಲೆ ನೆಲೆಯೂರಿದರು. ನಿವೃತ್ತರು ಹತ್ತಿರವಿದ್ದರೆ ಆಡುವವರಿಗೆ ಸನ್ನೆ ಮಾಡುತ್ತಾರೆ, ಆದ್ದರಿಂದ ಹೊರಗೆ ಹೋಗಬೇಕು ಎಂಬುದೂ ಐದನೇ ನಿಯಮದಲ್ಲೇ ಇತ್ತು. ವಿರೂಪಮ್ಮ ಸೊಂಟದಿಂದ ಬೀಗದ ಕೈ ತೆಗೆದು ಸುಂಕಣ್ಣನ ಕೈಗಿತ್ತರು. "ನಾಲ್ಕಕ್ಕ ನಳ ಬರ್ತಾವ. ಕೊಡ ತುಂಬಿ ಇಡು, ನನ್ನ ಕಂದ."

ಮಧ್ಯಾಹ್ನದ ಬಸ್ಸಿನಲ್ಲಿ ಸುಂಕಣ್ಣನಿಗೆ ಕೂರಲು ಜಾಗ ಸಿಕ್ಕಿತು. ಕೊರಳಲ್ಲಿ ಹಾರ ಹಾಗೇ ಇತ್ತು, ತೆಗೆಯುವ ಮನಸ್ಸಾಗಲಿಲ್ಲ. ಅರ್ಧ ದಾರಿಯಲ್ಲಿ ಫೋನು ಬಡಿದುಕೊಂಡಿತು.

"ಸುಂಕಣ್ಣಾ, ಲಗೂನ ಹೇಳು!" ವಿರೂಪಮ್ಮನ ದನಿ ನಡುಗುತ್ತಿತ್ತು. "ಯಾವನೋ ಕರಿ ಮುಸುಕಿನವ ನನ್ನ ಹೊಟ್ಟಿಗೆ ಕತ್ತಿ ಹಾಕ್ಯಾನ. ಇನ್ನೊಂದು ಏಟಿಗೆ ಸಾಯ್ತೀನಂತ. ಏನ್ ಮಾಡ್ಲಿ?"

ಸತ್ತರೆ ಕುರ್ಚಿ ಆರು ವಾರ ಖಾಲಿ, ಖಾಲಿ ಕುರ್ಚಿಗೆ ತನ್ನನ್ನು ಕರೆದರೂ ಕರೆದಾರು. ಸುಂಕಣ್ಣನಿಗೆ ಅದು ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಆದರೆ ಫೋನಿನೊಳಗೆ ಶೀಲಾ ಮೇಡಂ ದನಿ, ವಾಲ್ಮೀಕಿಯ ನಗು, ಜೆರಾಕ್ಸ್ ಅಂಗಡಿಯ ಫ್ಯಾನು ಎಲ್ಲ ಕೇಳುತ್ತಿದ್ದವು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

"ಹೆದರಬ್ಯಾಡ್ರಿ. ಹೊಡ್ಯಾಕ ಹೋಗಬ್ಯಾಡ್ರಿ ಈಗ. ಹಿಂದಕ ಸರದು ವಾಲ್ಮೀಕಿ ಬೆನ್ನಿಗೆ ನಿಲ್ರಿ. ಗಾಯ ಕಟ್ಟು ಅನ್ರಿ ಅಂವಗ. ಹೂಂ, ಈಗ ದಾಳ ಹಾಕ್ರಿ."

ದಾಳ ಮೇಜಿನ ಮೇಲೆ ಉರುಳುವ ಸದ್ದು ಕೇಳಿತು. ಆಮೇಲೆ ಎಲ್ಲರೂ ಒಮ್ಮೆಲೆ ಕೇಕೆ ಹಾಕಿದರು. "ಹದಿನೆಂಟು! ಉಳಕೊಂಡೆ ನೋಡೋ ತಮ್ಮಾ! ಇಡ್ತೀನಿ, ಮತ್ತ ನನ್ನ ಪಾಳಿ ಬಂತು," ಎಂದು ವಿರೂಪಮ್ಮ ಫೋನಿಟ್ಟರು.

ಬಸ್ಸಿನಲ್ಲಿ ಆಚೀಚೆಯವರೆಲ್ಲ ಅವನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮುದುಕ ತಡೆಯಲಾರದೆ ಕೇಳಿದ. "ಯಾರಿಗ್ರೀ ಚುಚ್ಚಿದ್ದು?"

"ನಮ್ಮ ಮನಿ ಮಾಲಕ್ರಿಗೆ. ಉಳಕೊಂಡ್ರು."

"ಅಂಥಾದ್ರಾಗ ಅವ್ರನ್ನ ಬಿಟ್ಟು ಬಂದೀರಲ್ಲ! ನೀವು ಅಲ್ಲೇ ಇರಬೇಕಿತ್ತು."

"ಇರಂಗಿಲ್ರಿ," ಎಂದ ಸುಂಕಣ್ಣ. "ನಾನು ಇವತ್ತು ರಿಟೈರ್ ಆದೆ."

ಮುದುಕ ಅವನ ಶಾಲು ನೋಡಿದ, ಹಾರ ನೋಡಿದ, ಕರ್ರಗಿದ್ದ ತಲೆಗೂದಲು ನೋಡಿದ. ನೋಡಿ, ಮನಸಾರೆ ಅವನ ಕೈ ಕುಲುಕಿದ.

"ಇಷ್ಟ ಸಣ್ಣ ವಯಸ್ಸಿಗೆ! ಪುಣ್ಯವಂತರು ಬಿಡ್ರಿ. ಇನ್ನ ಮ್ಯಾಲೆ ಯಾರ ಕಾಟಾನೂ ಇಲ್ಲ, ಒಬ್ರ ಆರಾಮ ಮನ್ಯಾಗ ಕುಂತಿರಬೌದು."